ಚಿಪ್ಪುಹಂದಿ ನಂಬಿದ್ದ ಅಂಗಿ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಕಥೆ ಕಟ್ಟುವ ಅಭ್ಯಾಸ ನನಗಿಲ್ಲ; ರೈಲ್ವೆಯಲ್ಲಿ ಕೆಲಸ, ಓದಿದ್ದು ಹತ್ತನೇ ತರಗತಿ. ಆ ಅಂಗಿ ಮಾತ್ರ ಇದನ್ನು ಬರೆಯುವಾಗಲೂ ನಮ್ಮ ಹಿಂಬಾಗಿಲ ಮೊಳೆಯಲ್ಲಿ ನೇತಾಡುತ್ತಿದೆ.

ನನ್ನ ತಮ್ಮ ಮಾಂತೇಶ ನಾಗಪುರದ ಅಂಚಿನಲ್ಲಿ, ಗಾಯಗೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿದ್ದ. ಅದರ ಹಿಂದೆ ಕುರುಚಲು ಬಯಲು, ಬಯಲು ದಾಟಿದರೆ ನಮ್ಮ ಮನೆ.

ಕಳೆದ ಚಳಿಗಾಲದಲ್ಲಿ ಅಲ್ಲಿಗೊಂದು ಚಿಪ್ಪುಹಂದಿ ಬಂತು, ಮುಂಗಾಲಿಗೆ ಉರುಲಿನ ಗಾಯ. ಮೃಗಾಲಯದಲ್ಲಿ ನೀವು ಇದನ್ನು ನೋಡಿರುವುದು ಕಡಿಮೆ. ಕೂಡಿಹಾಕಿದರೆ ಬದುಕುವುದು ಕಷ್ಟ. ಇಟ್ಟದ್ದನ್ನು ಮೂಸುವುದೂ ಇಲ್ಲ. ತಾನೇ ಹುತ್ತ ಅಗೆದು ಇರುವೆ, ಗೆದ್ದಲು ತಿನ್ನಬೇಕು, ಅದೂ ರಾತ್ರಿ.

ಹಾಗಾಗಿ ಮಾಂತೇಶ ದಿನಾ ರಾತ್ರಿ ಅದನ್ನು ಬಯಲಿಗೆ ಬಿಟ್ಟು ಹಿಂದೆ ಹಿಂದೆ ನಡೆಯುತ್ತಿದ್ದ. ಅದಕ್ಕೆ ಕಣ್ಣು ಮಂದ, ಮೂಗೇ ಎಲ್ಲ. ಅದಕ್ಕೆಂದೇ ಒಂದೇ ಖಾಕಿ ಅಂಗಿಯನ್ನು ಒಗೆಯದೆ ಹಾಕುತ್ತಿದ್ದ. ನಾಲಿಗೆಯಿಂದ 'ಟಕ್... ಟಕ್' ಅಂದರೆ ಅದು ವಾಸನೆ ಹಿಡಿದು ಬಂದು ಅವನ ತೋಳಿಗೆ ಸುತ್ತಿಕೊಳ್ಳುತ್ತಿತ್ತು.

"ಇನ್ನ ಹದಿನೈದ ದಿನ ಅಣ್ಣಾ. ನಾನ ಕಾಡಿಗೆ ಬಿಟ್ಟ ಬರ್ತೀನಿ," ಎಂದಿದ್ದ.

ಆ ಹದಿನೈದು ದಿನ ಅವನಿಗೆ ಸಿಗಲಿಲ್ಲ. ಊರೊಳಗಿನ ಸದರ್ ಪೇಟೆಯಿಂದ ಬೈಕಿನಲ್ಲಿ ಬರುವಾಗ ಲಾರಿ...

ಸತ್ತವರ ಬಟ್ಟೆಯನ್ನು ಅಸ್ಥಿಯ ಜೊತೆ ಹೊಳೆಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಅವ್ವ ಗಂಟು ಕಟ್ಟಿಟ್ಟಿದ್ದಳು. ಅಷ್ಟರಲ್ಲಿ ಗುರುನಾಥ ಬಂದ. ನಿಪ್ಪಾಣಿ ಕಡೆಯವನು, ತಮ್ಮನ ಜೊತೆ ಕೆಲಸ. ನಮ್ಮಲ್ಲಿ ಉಂಡು, ಅವ್ವನ ರೊಟ್ಟಿಗೆ ಕೊಂಕು ತೆಗೆದು ಬೈಸಿಕೊಳ್ಳುತ್ತಿದ್ದವನು.

"ಮೂರ ರಾತ್ರಿ ಆತು ಅಣ್ಣಾ, ಅದು ಏನೂ ತಿಂದಿಲ್ಲ," ಎಂದ ಪಿಸುದನಿಯಲ್ಲಿ. "ಸುತ್ತಿಕೊಂಡು ಬಿದ್ದೈತಿ, ಬಿಚ್ಚವಲ್ದು. ಆ ಅಂಗಿ ಕೊಡ್ರಿ, ನಾ ಹಾಕ್ಕೊಂಡ ಅಡ್ಡಾಡಸ್ತೀನಿ."

"ಅವ್ವಗ ಗೊತ್ತಾದ್ರ..."

"ಯಾಕ ಗೊತ್ತಾಗತೈತಿ? ಜಲ್ದಿ ಕೊಡ್ರಿ. ಮಾಂತ್ಯಾನ ಜೀವಾ ಅದರಾಗ ಇತ್ತಲ್ಲ."

ಆ ಮಾತಿಗೆ ಸೋತೆ. ಗಂಟಿನಿಂದ ಅಂಗಿ ತೆಗೆದುಕೊಟ್ಟೆ. ಉಳಿದದ್ದನ್ನು ಕನ್ಹಾನ್ ಹೊಳೆಗೆ ಬಿಟ್ಟು ಬಂದು, ಎಲ್ಲ ಬಿಟ್ಟೆ ಎಂದು ಅವ್ವನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಗೂಡು ಖಾಲಿ. ಅಂಗಿ ತಂತಿಬೇಲಿಯ ಮೇಲಿತ್ತು. ಕತ್ತಲಲ್ಲಿ ತಪ್ಪಿಸಿಕೊಂಡಿತು ಎಂದು ಗುರುನಾಥ ಅತ್ತ. ನಾನೇ ಅವನ ಬೆನ್ನು ಸವರಿ ಸಮಾಧಾನ ಮಾಡಿದೆ.

ನಾಲ್ಕನೇ ದಿನ ಪೊಲೀಸರು ಅವನನ್ನು ಹಿಡಿದರು. ಮಾರಲು ಒಯ್ಯುತ್ತಿದ್ದ ಚೀಲದಲ್ಲಿ ಬರೀ ಚಿಪ್ಪುಗಳು. 'ಟಕ್ ಟಕ್' ಅಂದದ್ದಕ್ಕೆ ಅದು ತಾನಾಗಿಯೇ ಬಂದು ತೋಳಿಗೆ ಸುತ್ತಿಕೊಂಡಿತಂತೆ. ಅವನೇ ಹೇಳಿದ.

ಆ ರಾತ್ರಿ, ಬೇಲಿಯಿಂದ ತಂದಿದ್ದ ಅಂಗಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಮಲಗಿದೆ.

ಎಷ್ಟು ಹೊತ್ತಾಗಿತ್ತೋ... ಒಣ ಹುಣಸೆಕಾಯಿಯನ್ನು ಮೊರದಲ್ಲಿ ಹೊರಳಿಸಿದಂಥ ಸದ್ದು. ಹಿಂದೆಯೇ ಕೆಂಜಿಗ ಹೊಸಕಿದ ಹುಳಿ ವಾಸನೆ. ಆಮೇಲೆ, ಬಾಗಿಲ ಆಚೆಯಿಂದ, ಮೆಲ್ಲಗೆ...

ಟಕ್... ಟಕ್...

ಹಿಂಬಾಗಿಲು ತೆರೆದೇ ಇತ್ತು. ಬೆಳದಿಂಗಳಲ್ಲಿ ಒಬ್ಬ ನಡೆಯುತ್ತಿದ್ದ. ಎರಡು ಹೆಜ್ಜೆ, ನಿಲ್ಲುವುದು. ಮತ್ತೆ ಎರಡು ಹೆಜ್ಜೆ. ಖಾಕಿ ಅಂಗಿ. ಅವನ ಮುಂದೆ, ನೆಲಕ್ಕೆ ತಗ್ಗಾಗಿ, ಬಾಲ ಎಳೆದುಕೊಂಡು ಹೋಗುತ್ತಿದ್ದ ಏನೋ ಒಂದು.

"ಮಾಂತೇಶಾ..."

ಅವನು ನಿಂತ. ಮುಂದಿನದೂ ನಿಂತಿತು.

"ನಾ ಅಂಗಿ ಕೊಡಬಾರದಿತ್ತು. ತಪ್ಪಾತು."

ತಿರುಗಲಿಲ್ಲ. ಬಗ್ಗಿ ಅದನ್ನು ತೋಳಿಗೆ ಎತ್ತಿಕೊಂಡು ಕುರುಚಲಿನೊಳಗೆ ಹೋದ.

"ಯಾರ ಜೋಡಿ ಮಾತಾಡಾಕತ್ತಿ?" ಬೆನ್ನ ಹಿಂದೆ ಅವ್ವ.

"ಯಾರಿಲ್ಲವ್ವ."

ಅವಳ ಕಣ್ಣು ಬಾಗಿಲ ಮೊಳೆಯ ಮೇಲಿತ್ತು. ಅಲ್ಲಿ ಅಂಗಿ. ಮುಟ್ಟಿದೆ; ತೋಳು ಇನ್ನೂ ಬೆಚ್ಚಗಿತ್ತು. ಟ್ರಂಕಿನ ಬೀಗ ಹಾಕಿದ ಹಾಗೇ ಇತ್ತು.

"ಇದನ್ನ ಹೊಳಿಗೆ ಬಿಟ್ಟೆ ಅಂದಿದ್ಯಲ್ಲ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಅಂದಿನಿಂದ ನನ್ನ ತಟ್ಟೆಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಬೆಳಿಗ್ಗೆ ನೋಡಿದರೆ ಗೋಡೆ ಪಕ್ಕದ ಹುತ್ತವನ್ನು ಯಾರೋ ಹೊಸದಾಗಿ ಅಗೆದಿದ್ದರು. ಅಂಗಿಯ ಜೇಬಿನಿಂದ ಇರುವೆಗಳು ಸಾಲಾಗಿ ಇಳಿಯುತ್ತಿದ್ದವು.

ನನಗೆ ತಮ್ಮನ ಭಯವಿಲ್ಲ. ಆ ಪ್ರಾಣಿ ಕೊನೆಯ ಗಳಿಗೆಯಲ್ಲಿ ತನ್ನನ್ನು ಹಿಡಿದುಕೊಟ್ಟವನು ಯಾರೆಂದುಕೊಂಡಿತೋ, ಅದೊಂದು ನನ್ನನ್ನು ನಿದ್ದೆ ಮಾಡಗೊಡುವುದಿಲ್ಲ.

ಈಗಲೂ ಕೆಲವು ರಾತ್ರಿ ಆ ಸದ್ದು ಬರುತ್ತದೆ. ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅವನು ಬಯಲಲ್ಲಿ ನಡೆಯುತ್ತಿರುತ್ತಾನೆ... ಇದುವರೆಗೆ ಒಮ್ಮೆಯೂ ನನ್ನ ಕಡೆ ತಿರುಗಿಲ್ಲ.