ಗಂಗೆ ಪೂಜೆಗೆ ತೆಗೆದ ಬೀಗ

ನಾನು ಅಜ್ಜಿಯಾದೆ! ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಸುಶೀಲಾ ಹೆಣ್ಣು ಹೆತ್ತಳು. ಇವತ್ತು ಮಗುವಿಗೆ ಗೌರಿ ಅಂತ ಹೆಸರಿಟ್ಟೆವು. ಮೂಗು ನನ್ನದೇ. ಯಜಮಾನರು ತಮ್ಮದು ಅನ್ನುತ್ತಾರೆ. ಅವರ ಮೂಗು ನೋಡಿದವರು ಯಾರೂ ಆ ಮಾತು ಒಪ್ಪುವುದಿಲ್ಲ, ಬಿಡಿ.

ಇಷ್ಟು ಸಂತೋಷದಲ್ಲಿ ಇರುವವಳು ಬಾವಿಯ ಬೀಗದ ಮಾತೆತ್ತಬಾರದು. ಆದರೆ ಕೂಸಿಗೆ ನೀರೆರೆಯಬೇಕಲ್ಲ? ಬಾಣಂತಿ ಇರುವ ಮನೆಯಲ್ಲಿ ಹಂಡೆ ಬರಿದಾಗಬಾರದು.

ನಾವಿರುವುದು ದೊಡ್ಡಬಳ್ಳಾಪುರದ ಹೊರಗೆ, ಒಬ್ಬ ಸಾಹುಕಾರರು ಹೊಲ ಒಡೆದು ಮಾಡಿದ ಬಡಾವಣೆಯಲ್ಲಿ. ಮಗ್ಗದಲ್ಲಿ ದುಡಿದ ಕಾಸಿನಲ್ಲಿ ಸೈಟು ಕೊಂಡು ಮನೆ ಕಟ್ಟಿದೆವು. ಗೃಹಪ್ರವೇಶ ಆದ ಮೇಲೆ ಗೊತ್ತಾಯಿತು, ಮನೆ ನಮ್ಮದು, ಹೊಸಿಲು ದಾಟಿದರೆ ಸಾಹುಕಾರರದು. ರಸ್ತೆ ಅವರದು, ಚರಂಡಿ ಅವರದು, ಬಾವಿ ಅವರದು. ಅದನ್ನೆಲ್ಲ ನೋಡಿಕೊಳ್ಳುತ್ತೇವೆ ಅಂತ ತಿಂಗಳು ತಿಂಗಳು ನಮ್ಮಿಂದ ವಸೂಲಿ ಮಾಡುವುದಕ್ಕೆ ಮೇಂಟೆನೆನ್ಸ್ ಅಂತ ಹೆಸರು. ಮೂರನೇ ಕ್ಲಾಸು ಓದಿದವಳು ನಾನು, ಆ ಮಾತು ನಾಲಿಗೆಯಲ್ಲಿ ಹೊರಳುವುದಕ್ಕೇ ಬಹಳ ದಿನ ಹಿಡಿಯಿತು. ಅರ್ಥ ಇನ್ನೂ ಆಗಿಲ್ಲ. ಬೀದಿ ದೀಪ ಉರಿಯುವುದು ಸಾಹುಕಾರರ ಜೀಪು ಬರುವ ದಿನ ಮಾತ್ರ. ಚರಂಡಿ ಬಳಿಯುವವರು ನಮ್ಮ ಯಜಮಾನರು. ನಕ್ಷೆಯಲ್ಲಿ ಪಾರ್ಕು ಅಂತಿದ್ದ ಜಾಗದಲ್ಲಿ ಸಾಹುಕಾರರ ಸೀಮೆಹಸು ಮೇಯುತ್ತದೆ. ಹುಲ್ಲಿಗೆ ಕಾಸು ಕೊಡುವವರು ನಾವು, ಹಾಲು ಕೊಳ್ಳುವವರೂ ನಾವೇ. ಹಸುವಿನ ಮೇಲೆ ನನಗೆ ಕೋಪವಿಲ್ಲ. ಈ ಬಡಾವಣೆಯಲ್ಲಿ ತಿಂದದ್ದಕ್ಕೆ ಏನಾದರೂ ವಾಪಸು ಕೊಡುವುದು ಅದೊಂದೇ.

ನನ್ನ ತವರು ಆವತಿಯಲ್ಲಿ ಬೇಸಿಗೆ ಬಂದರೆ ಬೀದಿಯವರೆಲ್ಲ ಸೇರಿ ಬಾವಿಯ ಹೂಳೆತ್ತುತ್ತಿದ್ದರು. ಅಪ್ಪ ಸೊಂಟದ ತನಕ ಕೆಸರು ಮಾಡಿಕೊಂಡು ಬಂದು ಹುರುಳಿ ಸಾರು ಸುರಿದುಕೊಂಡು ಉಣ್ಣುತ್ತಿದ್ದರು. ಆ ಕೆಲಸಕ್ಕೆ ಯಾರೂ ಇಂಗ್ಲಿಷಿನಲ್ಲಿ ಹೆಸರಿಟ್ಟಿರಲಿಲ್ಲ.

ಯುಗಾದಿ ಕಳೆದ ಮೇಲೆ ಸಾಹುಕಾರರು ಮೇಂಟೆನೆನ್ಸ್ ಏರಿಸಿದರು. ಕೊಡುವುದಿಲ್ಲ ಅಂದೆವು, ಇಡೀ ಬೀದಿಯವರು. ಮಾರನೇ ದಿನ ಬಾವಿಗೆ ಕಬ್ಬಿಣದ ಜಾಲರಿ ಬಿತ್ತು, ಅದಕ್ಕೊಂದು ಬೀಗ. ಅಂದಿನಿಂದ ಪೇಟೆಯ ನಲ್ಲಿಯಿಂದ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ.

ಆದರೆ ಹೆಸರಿಡುವ ದಿನ ಬಾಣಂತಿ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಲೇಬೇಕು. ಅವಳನ್ನು ಬಾವಿಕಟ್ಟೆಯಿಂದ ಹಿಂದಕ್ಕೆ ಕಳಿಸಿದ ಪಾಪ ಸಾಹುಕಾರರಿಗೂ ಬೇಡ. ಗುಮಾಸ್ತ ಚಿಕ್ಕಣ್ಣನ ಕೈಲಿ ಬೀಗದ ಕೈ ಕಳಿಸಿದರು.

"ಪೂಜೆ ಮಾಡ್ಕೊಳ್ಳಿ, ಮುತ್ತೈದೇರು ಒಂದೊಂದು ಬಿಂದಿಗೆ ಸೇದ್ಕೊಳ್ಳಿ. ಆಮೇಲೆ ಹಾಕ್ಬಿಡ್ತೀನಿ ಕಣಮ್ಮ," ಅಂದ.

ಸುಶೀಲಾ ಕಟ್ಟೆಗೆ ಅರಿಸಿನ ಕುಂಕುಮ ಇಟ್ಟು, ಹಗ್ಗಕ್ಕೆ ಕೈ ಮುಟ್ಟಿಸಿದಳು. ಅವಳ ಹಿಂದೆ ಮುತ್ತೈದೆಯರು. ಅವರ ಹಿಂದೆ ಇನ್ನಷ್ಟು ಮುತ್ತೈದೆಯರು. ಹಿಂದಿನ ದಿನವೇ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದು ಬಂದಿದ್ದೆನಲ್ಲ!

"ಏನಮ್ಮಾ ಇದು, ಐದು ಜನ ಅಂದಿದ್ರಲ್ಲಾ?"

"ಐದಕ್ಕೆ ಕಮ್ಮಿ ಇರಬಾರದು ಅಂದಿದ್ದೆ ಕಣಪ್ಪಾ. ಬಂದ ಮುತ್ತೈದೆನ ಬರಿ ಬಿಂದಿಗೇಲಿ ಕಳಿಸ್ತಾರಾ? ನೀನೇ ಹೇಳು, ಯಾರನ್ನ ಕಳಿಸ್ಲಿ?"

ಚಿಕ್ಕಣ್ಣ ಸಾಲಿನ ಉದ್ದಕ್ಕೂ ನೋಡಿದ. ಕೊನೆಯಲ್ಲಿ ಅವನ ಹೆಂಡತಿಯೂ ಬಿಂದಿಗೆ ಹಿಡಿದು ನಿಂತಿದ್ದಳು. ಬೇವಿನ ನೆರಳಿಗೆ ಹೋಗಿ ಕೂತ.

ಸಂಜೆ ತನಕ ಸೇದಿದ್ದೇ ಸೇದಿದ್ದು, ಆಮೇಲೆ ಬೀಗ ಮತ್ತೆ ಬಿತ್ತು. ಆ ಸದ್ದು ಕೇಳಿದಾಗ ನಾವೆಲ್ಲ ಊಟಕ್ಕೆ ಕೂತಿದ್ದೆವು, ಯಜಮಾನರು, ಅಳಿಯ, ಅಳಿಯನ ತಾಯಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಸುಶೀಲಾ. ಹಂಡೆ ತುಂಬಿತ್ತು, ಕೊಡಪಾನ ತುಂಬಿತ್ತು, ಪಾಯಸದ ಪಾತ್ರೆ ಬಿಟ್ಟರೆ ಮಿಕ್ಕ ಪಾತ್ರೆಯಲ್ಲೆಲ್ಲ ನೀರೇ.

"ಇನ್ನು ತೆಗೆಯೋದು ಯಾವಾಗಲೋ," ಅಂದರು ಯಜಮಾನರು.

"ಎದುರುಮನೆ ಸೊಸೆಗೆ ಎಷ್ಟು ತಿಂಗಳು?" ಅಂದರು ಅಳಿಯನ ತಾಯಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಬಾವಿಯ ನೀರು ನಾವು ಕುಡಿಯಬೇಕಾದರೆ ಬೀದಿಯ ಹೆಣ್ಣುಮಕ್ಕಳು ಸರದಿಯ ಮೇಲೆ ಹೆರುತ್ತಿರಬೇಕು! ಇಷ್ಟು ದುಬಾರಿ ಮೇಂಟೆನೆನ್ಸ್ ಸಾಹುಕಾರರಿಗೂ ಹೊಳೆದಿರಲಿಕ್ಕಿಲ್ಲ. ಹಾಗನ್ನಿಸಿ ತುತ್ತು ನೆತ್ತಿಗೇರಿತು. ಯಜಮಾನರು ತಮ್ಮ ಲೋಟ ನನ್ನ ಕಡೆ ತಳ್ಳಿದರು. ಒಂದೇ ಗುಟುಕು ಕುಡಿದು, ಮಿಕ್ಕಿದ್ದನ್ನು ಗೌರಿಯ ಹಂಡೆಗೆ ಸುರಿಯಲು ಎದ್ದವಳನ್ನು ಸುಶೀಲಾ ಸೆರಗು ಹಿಡಿದು ಕೂರಿಸಿದಳು.

"ಎಂಜಲು ಕಣಮ್ಮಾ, ಕುಡಿ," ಅಂದಳು. ಕುಡಿದೆ. ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.