ಬೆನ್ನಿನ ಮಣ್ಣು

ನಮ್ಮ ಕಬಡ್ಡಿ ತಂಡಕ್ಕೆ ಆಟ ಕಲಿಸಿದವರು ಬೆಟ್ಟದಪುರದ ಕಡೆಯ ಒಬ್ಬ ಹೊಗೆಸೊಪ್ಪಿನ ರೈತರು. ನಮಗೆ ಅವರು ಕೋಚಣ್ಣ. ಹಳಬರೆಲ್ಲ ತಂಡ ಬಿಟ್ಟ ವರ್ಷ, ಒಂದು ಪಂದ್ಯವನ್ನೂ ಆಡಿರದ ನಮ್ಮನ್ನು ಕಟ್ಟಿಕೊಂಡು ಮತ್ತೆ ಶುರು ಮಾಡಿದರು.

ಮೊದಲ ಪಂದ್ಯ ಹೀನಾಯವಾಗಿ ಸೋತೆವು. ಕೋಚಣ್ಣ ಬೈಯಲಿಲ್ಲ. ಒಬ್ಬೊಬ್ಬರನ್ನೇ ತಿರುಗಿಸಿ ಬೆನ್ನು ನೋಡಿ, "ಅಂಗಿ ಒಗ್ದಂಗೇ ಅದೆ ಕಣ್ರಲಾ" ಎಂದರು. ನಿಜ, ಬೀಳುವ ಭಯಕ್ಕೆ ಯಾರೂ ಎದುರಾಳಿಯನ್ನು ಹಿಡಿಯಲು ಹೋಗಿರಲಿಲ್ಲ. ಆಮೇಲೆ ಪ್ರತಿ ಪಂದ್ಯಕ್ಕೂ ಅದೇ ತಪಾಸಣೆ, ಅದೇ ಮಾತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲೇ ಬೀಳುವುದನ್ನು ಕಲಿತೆವು, ನಾಲ್ಕಾರು ಪಂದ್ಯ ಗೆದ್ದೆವು.

ಪಿರಿಯಾಪಟ್ಟಣದ ಫೈನಲ್‌ನಲ್ಲಿ ಒಂದೇ ಅಂಕದಿಂದ ಸೋತು ಅಳುತ್ತಾ ಕೂತಿದ್ದಾಗ ಕೋಚಣ್ಣ ಬಂದು ಬೆನ್ನು ನೋಡಿದರು. ಆ ಮಾತು ಬರಲಿಲ್ಲ. "ಬಿಚ್ಕೊಡ್ರಲಾ" ಎಂದು ಏಳೂ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು.

ಮರುದಿನ ಅವರ ಮನೆಗೆ ಹೋದೆ. ಹೊಗೆಸೊಪ್ಪು ಕಟ್ಟುವ ಕಡ್ಡಿಗಳಿಗೆ ನಮ್ಮ ಅಂಗಿಗಳನ್ನು ಒಗೆದು ಇಳಿಬಿಟ್ಟಿದ್ದರು. ಎದೆ, ತೋಳು ಬೆಳ್ಳಗಾಗಿದ್ದವು. ಬೆನ್ನಿನ ಮೇಲೆ ಮಾತ್ರ ಕೆಮ್ಮಣ್ಣು ಹಾಗೇ ಇತ್ತು.

"ಇಲ್ಲಿ ಕಲೆ ಹೋಗಿಲ್ವಲ್ಲಣ್ಣ?"

"ಅಲ್ಲಿ ನಾನೇ ಉಜ್ಜಲಿಲ್ಲ ಕಣ್ಲಾ" ಎಂದರು.