ಟಾಕಿಯ ಮೇಲಿನ ಸುಣ್ಣ

ದೊಡ್ಡವ್ವನ ಬಲಗೈ ಹೆಬ್ಬೆರಳು ಸದಾ ಬೆಳ್ಳಗಿರುತ್ತಿತ್ತು. ಎಲೆಗೆ ಸವರಿ ಸವರಿ ಉಗುರಿನ ಸಂದಿಯಲ್ಲೆಲ್ಲ ಸುಣ್ಣ. ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ಮೇಲೂ ಎಲೆಅಡಿಕೆಯ ಸಂಚಿ ಬಿಡಲಿಲ್ಲ. ಸಭೆಯಲ್ಲಿ ಅವಳ ಮುಂದಿನ ಮೇಜಿನ ಮೇಲೆ ಅದೂ ಕೂತಿರುತ್ತಿತ್ತು. ದೊಡ್ಡವ್ವ ಎಂದು ಕರೆದರೂ ರಕ್ತಸಂಬಂಧವೇನಲ್ಲ. ಸಿಂದಗಿ ಕಡೆಯ ನಮ್ಮೂರಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಸಂಜೆ ಅವಳ ಕಟ್ಟೆ ಏರಿದರೆ ಸಾಕು, "ಬಂದ್ಳು ನೋಡ್ರಿ ವಕೀಲಬಾಯಿ!" ಎಂದು ಛೇಡಿಸುತ್ತಿದ್ದಳು.

ಒಂದು ಸಂಜೆ ಅವಳೇ ಕೇಳಿದಳು: "ಸರಕಾರ ಜನರಿಂದ ಏನರ ಮುಚ್ಚಿಡಬಹುದೇನು?"

ವಿಷಯ ಸಿಕ್ಕಿತಲ್ಲ! ಗಡಿಯ ಸೇನೆ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಜನರ ಗಾಬರಿ, ಮೂರೂ ಅಂಶ ಮಂಡಿಸಿದೆ. "ಗಾಬರಿಯಾದ ಮಂದಿ ವಿಚಾರ ಮಾಡೂದಿಲ್ಲ ದೊಡ್ಡವ್ವಾ. ಮುಚ್ಚಿಡಬೇಕು."

"ನಮ್ಮ ತಾಲೂಕಿನ ಸಾಹೇಬ್ರೂ ಹಿಂಗ ಅಂದ್ರು. ಅದಿರ್ಲಿ, ನಿಮ್ಮಕ್ಕನ ಕೂಸಿನ ಬಾಟ್ಲಿ ಹಾಲಿಗೆ ನೀರು ಎಲ್ಲೀದು?"

"ಓಣಿ ಟಾಕೀದು."

ದೊಡ್ಡವ್ವ ಎದ್ದೇಬಿಟ್ಟಳು. ಓಣಿಯ ಆ ಟ್ಯಾಂಕಿನ ನೀರು ಕೆಟ್ಟಿದೆ, ಹಸುಗೂಸಿಗಂತೂ ಕೊಡಬಾರದು ಎಂದು ಅವತ್ತೇ ನೀರಿನ ಪರೀಕ್ಷೆಯಿಂದ ಅವಳಿಗೆ ತಿಳಿದಿತ್ತು. ಹೊಸ ಪೈಪು ಬರುವತನಕ ಬಾಯಿ ಬಿಡಬೇಡಿ ಎಂದಿದ್ದರು ಸಾಹೇಬರು. ಟಾಕಿಯ ಬಳಿ ಬಿಂದಿಗೆ ಹಿಡಿದು ನಿಂತವರ ಎದುರೇ ಅವಳು ಡಬ್ಬಿಯ ಸುಣ್ಣವನ್ನೆಲ್ಲ ಬಳಿದು, ಕರಿ ಟಾಕಿಯ ಮೇಲೆ ಗುಣಾಕಾರದ ಗುರುತಿನಂಥ ದೊಡ್ಡದೊಂದು ಕಾಟು ಹೊಡೆದಳು.

"ಈ ನೀರು ಕುಡೀಬ್ಯಾಡ್ರಿ, ಕೆಟ್ಟೈತಿ. ಗಾಬರಿ ಆಗೂದಿದ್ರ ನನ್ನ ಮುಂದ ಆಗ್ರಿ!"

ಆದರು. ಅಲ್ಲಿಯವರೆಗೆ ನನ್ನ ವಾದ ಸರಿಯೇ. ಅವಳ ಬಾಗಿಲಲ್ಲಿ ಕೊಡ ಕುಕ್ಕಿದರು, ಬಾಯಿಗೆ ಬಂದಂತೆ ಬೈದರು. ಅವಳು ಎಲೆ ಅಗಿಯುತ್ತ ಕೇಳಿಸಿಕೊಂಡಳು. ಮರುದಿನ ಅದೇ ಜನ ಅವಳನ್ನೇ ಮುಂದೆ ಮಾಡಿಕೊಂಡು ತಾಲೂಕು ಕಚೇರಿಗೆ ಹೋಗಿ ಕೂತರು. ಟ್ಯಾಂಕರ್ ಬಂತು. ಯಾವತ್ತೋ ಬರಬೇಕಿದ್ದ ಪೈಪೂ ಬಂತು. ಗಾಬರಿಯಾದ ಮಂದಿ ವಿಚಾರವನ್ನೂ ಮಾಡುತ್ತಾರೆ ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು. ಮೇಲಿನವರ ಮಾತು ಮೀರಿದವಳ ಬೆನ್ನಿಗೆ ನಿಲ್ಲುವ ದೊಡ್ಡವರು ಇರಲಿಲ್ಲ. ನಾನು ಕುದಿಯುತ್ತಿದ್ದೆ. "ಹೋಗ್ಲಿ ಬಿಡ, ಸಾವಕಾಶ ಎಲಿ ತಿನ್ನಾಕ ಬಂತು," ಎಂದು ನಕ್ಕಳು.

ಹೋದ ಚಳಿಗಾಲ ದೊಡ್ಡವ್ವ ತೀರಿಕೊಂಡಳು. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಗೌಪ್ಯತೆಯ ಪರ ಬಂದರೆ ನಾನು ಈಗಲೂ ಬಿಡದೆ ವಾದಿಸುತ್ತೇನೆ. ಗಡಿ, ಪ್ರಶ್ನೆಪತ್ರಿಕೆ ಎರಡೂ ಗಟ್ಟಿ ಅಂಶಗಳೇ. ಮೂರನೆಯದನ್ನು ಮಾತ್ರ ಎತ್ತುವುದಿಲ್ಲ. ಅವತ್ತಿನ ಆ ಕೂಸು, ಅಕ್ಕನ ಮಗಳು, ಈಗ ಶಾಲೆಗೆ ಹೋಗುತ್ತಾಳೆ. ಆಗಲೇ ನನ್ನ ಎದುರು ವಾದಕ್ಕೆ ನಿಲ್ಲುತ್ತಾಳೆ.